ಅಗ್ರಹಾರದ ಕತ್ತೆ ಮತ್ತು ಐದು ಡಬ್ಬಿ ರೀಲು

ಪ್ರಶ್ನೆ: ಹಳೆಯ ಕನ್ನಡ ಚಿತ್ರಗಳ ಪದ್ಯಾವಳಿ, ಪೋಸ್ಟರು, ಸ್ಟಿಲ್‌ಗಳನ್ನು ಕೂಡಿಡುವುದು ನನ್ನ ಬಹುಕಾಲದ ಹವ್ಯಾಸ. ಇತ್ತೀಚೆಗೆ ಚೆನ್ನೈನ ದಲ್ಲಾಳಿಯೊಬ್ಬರು ಜಾನ್ ಅಬ್ರಹಾಂ ನಿರ್ದೇಶನದ ತಮಿಳು ಚಿತ್ರ 'ಅಗ್ರಹಾರತ್ತಿಲ್ ಕಳುದೈ'ಯ ಐದು ಡಬ್ಬಿ ರೀಲು ಮತ್ತು ಒಂದು ಪೋಸ್ಟರ್ ತಮ್ಮ ಬಳಿ ಇವೆಯೆಂದು ಹೇಳಿ, ನನ್ನ ಮಟ್ಟಿಗೆ ದುಬಾರಿಯಾದ ಬೆಲೆ ಕೇಳುತ್ತಿದ್ದಾರೆ. ಹೆಚ್ಚಿನವರು ಹೆಸರೂ ಕೇಳದ ಈ ಚಿತ್ರಕ್ಕೆ ಸಂಗ್ರಾಹಕರಲ್ಲಿ ಬೇಡಿಕೆ ಇರುವುದೇಕೆ? ಇದು ನಗಿಸುವ ಚಿತ್ರವೋ ಅಳಿಸುವ ಚಿತ್ರವೋ ಎಂಬುದೂ ನನಗೆ ಸ್ಪಷ್ಟವಿಲ್ಲ. ಕೊಳ್ಳಬಹುದೆ?

ಉತ್ತರ: ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಡಬ್ಬಿಗಳನ್ನು ತೆರೆದು, ಒಳಗಿನ ಫಿಲ್ಮನ್ನು ನಿಮ್ಮ ಕಣ್ಣಿನಿಂದ ನೋಡುವ ತನಕ ಮುಂಗಡವನ್ನೂ ಕೊಡಬೇಡಿ. ಆದರೆ ತೆರೆದಾಗ ಏನನ್ನು ನೋಡಬೇಕು, ನೋಡಿದ್ದಕ್ಕೆ ಎಷ್ಟು ಬೆಲೆ ಕಟ್ಟಬೇಕು ಎಂಬುದು ಈ ಚಿತ್ರದ ಸ್ವಭಾವ ಮತ್ತು ಅದರ ಹಣೆಬರಹ ಎರಡನ್ನೂ ಅರಿತವರಿಗೆ ಮಾತ್ರ ತಿಳಿಯುವಂಥದು. ಆದ್ದರಿಂದ ಮೊದಲು ಚಿತ್ರದ ವಿಚಾರಕ್ಕೆ ಬರುತ್ತೇನೆ.

'ಅಗ್ರಹಾರತ್ತಿಲ್ ಕಳುದೈ' 1977ರ ಕಪ್ಪು ಬಿಳುಪು ಚಿತ್ರ, ಅವಧಿ ಸುಮಾರು ಒಂದೂವರೆ ಗಂಟೆ. ಚಿತ್ರಕಥೆಯನ್ನು ತಮಿಳಿನ ನಿಷ್ಠುರ ವಿಮರ್ಶಕರೆಂದು ಹೆಸರಾದ ವೆಂಕಟ್ ಸ್ವಾಮಿನಾಥನ್ ಬರೆದರು. ಛಾಯಾಗ್ರಹಣ ರಾಮಚಂದ್ರ ಬಾಬು ಅವರದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಅವರು ಜಾನ್ ಅವರ ಮೊದಲ ಚಿತ್ರಕ್ಕೂ ಕ್ಯಾಮೆರಾ ಹಿಡಿದಿದ್ದರು. ಮುಖ್ಯ ಪಾತ್ರವಾದ ಪ್ರೊಫೆಸರ್ ನಾರಾಯಣಸ್ವಾಮಿಯನ್ನು ವಹಿಸಿದವರು ವೃತ್ತಿನಟರಲ್ಲ, ಮದ್ರಾಸ್ ಯೂತ್ ಕ್ವಾಯರ್ ಎಂಬ ಗಾಯನವೃಂದವನ್ನು ಕಟ್ಟಿದ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್. ಚಿತ್ರದ ಸಂಗೀತವೂ ಅವರದೇ. ಸ್ಟುಡಿಯೋದ ಹಣವಾಗಲಿ, ತಾರೆಯರ ಹೆಸರಾಗಲಿ ಬೆನ್ನಿಗಿಲ್ಲದೆ, ಮದ್ರಾಸಿನ ವಾಣಿಜ್ಯ ಚಿತ್ರರಂಗದ ಮಗ್ಗುಲಲ್ಲೇ ಕುಳಿತು ಅದರ ಯಾವ ನಿಯಮಕ್ಕೂ ಬಗ್ಗದೆ ತೆಗೆದ ಚಿತ್ರವಿದು.

ಕಥೆ ಹೀಗಿದೆ. ನಗರದ ಕಾಲೇಜಿನ ಪ್ರಾಧ್ಯಾಪಕನೊಬ್ಬನ ಮನೆಬಾಗಿಲಿಗೆ ತಾಯಿಯನ್ನು ಕಳೆದುಕೊಂಡ ಕತ್ತೆಮರಿಯೊಂದು ಬಂದು ನಿಲ್ಲುತ್ತದೆ. ತಾಯಿಕತ್ತೆಯನ್ನು ಜನರ ಗುಂಪೊಂದು ಹೊಡೆದು ಕೊಂದಿರುತ್ತದೆ. ಕನಿಕರದಿಂದ ಅವನು ಮರಿಯನ್ನು ಸಾಕುತ್ತಾನೆ, ಚಿನ್ನ ಎಂದು ಕರೆಯುತ್ತಾನೆ. ಕತ್ತೆ ಸಾಕುವ ಮೇಷ್ಟ್ರು ಕಾಲೇಜಿನಲ್ಲಿ ನಗೆಪಾಟಲಾಗುತ್ತಾನೆ, ಪ್ರಿನ್ಸಿಪಾಲರಿಂದ ಬುದ್ಧಿವಾದವನ್ನೂ ಕೇಳಬೇಕಾಗುತ್ತದೆ. ಬೇರೆ ದಾರಿ ಕಾಣದೆ ಅದನ್ನು ತನ್ನ ಹುಟ್ಟೂರಿಗೆ, ಅಂದರೆ ಅಗ್ರಹಾರಕ್ಕೆ ಕರೆತಂದು, ಮನೆಗೆಲಸದ ಮೂಕ ಹುಡುಗಿ ಉಮಾಳ ಕೈಗೊಪ್ಪಿಸಿ ಹಿಂದಿರುಗುತ್ತಾನೆ. ವೈದಿಕರ ಬೀದಿಯಲ್ಲಿ ಕತ್ತೆ ಎಂದ ಮೇಲೆ ಮುಂದಿನದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗರು ಅದನ್ನು ಮುಂದಿಟ್ಟುಕೊಂಡು ಕೀಟಲೆ ಮಾಡುತ್ತಾರೆ, ಹಿರಿಯರು ಮಡಿಯ ಲೆಕ್ಕ ಹಾಕುತ್ತಾರೆ, ಊರಿನ ಪ್ರತಿ ಅಪಶಕುನವೂ ಕತ್ತೆಯ ಖಾತೆಗೆ ಜಮೆಯಾಗುತ್ತದೆ. ಈ ನಡುವೆ ಉಮಾ ಮೋಸಹೋಗಿ ಬಸಿರಾಗುತ್ತಾಳೆ, ಸತ್ತ ಶಿಶುವನ್ನು ಹೆರುತ್ತಾಳೆ. ಆ ಶವ ದೇವಸ್ಥಾನದ ಬಳಿ ಸಿಕ್ಕಾಗ ಊರು ತನ್ನೊಳಗಿನ ಪಾಪವನ್ನು ಹುಡುಕುವುದಿಲ್ಲ, ಕತ್ತೆಯನ್ನು ಹುಡುಕುತ್ತದೆ. ಅದನ್ನು ಗುಡ್ಡಕ್ಕೊಯ್ದು ಹೊಡೆದು ಕೊಲ್ಲಿಸುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ಇದು ಕರುಣಾಜನಕವಾದ ಒಂದು ನೀತಿಕಥೆಯಾಗುತ್ತಿತ್ತು. ಆದರೆ ಕತ್ತೆ ಸತ್ತ ಮೇಲೆ ಊರಿನಲ್ಲಿ ಒಳ್ಳೆಯದಾಗತೊಡಗುತ್ತದೆ. ಒಬ್ಬರಿಗೆ ದರ್ಶನವಾಗುತ್ತದೆ, ಇನ್ನೊಬ್ಬರ ಮನೆಯ ಕಷ್ಟ ಕರಗುತ್ತದೆ. ಕೊಂದವರೇ ಸಭೆ ಸೇರಿ, ಸತ್ತ ಕತ್ತೆಗೆ ವಿಧಿವತ್ತಾಗಿ ಸಂಸ್ಕಾರವಾಗಬೇಕು, ಗುಡಿ ಕಟ್ಟಬೇಕು ಎಂದು ನಿಶ್ಚಯಿಸುತ್ತಾರೆ. ಕೊನೆಗೆ ಬೆಂಕಿ ಬಂದು ಅಗ್ರಹಾರವನ್ನು ನುಂಗುತ್ತದೆ. ಪ್ರೊಫೆಸರ್ ಮತ್ತು ಉಮಾ ಮಾತ್ರ ಉಳಿಯುತ್ತಾರೆ.

ನಗುವೋ ಅಳುವೋ ಎಂಬ ನಿಮ್ಮ ಸಂಶಯ ಸಹಜವಾದದ್ದು, ಏಕೆಂದರೆ ಎರಡನ್ನು ಬೇರ್ಪಡಿಸುವ ಗೆರೆಯನ್ನು ಚಿತ್ರ ಎಲ್ಲಿಯೂ ಎಳೆಯುವುದಿಲ್ಲ. ಹಾಸ್ಯದ ದೃಶ್ಯ ಒಂದು, ದುಃಖದ ದೃಶ್ಯ ಒಂದು ಎಂದು ಹೆಣೆದ ಚಿತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹಾಸ್ಯನಟನೊಬ್ಬ ಬಂದು ಭಾರ ಇಳಿಸಿ ಹೋಗುತ್ತಾನೆ. ಇಲ್ಲಿ ನಗು ಹುಟ್ಟುವುದು ಊರವರ ಗಾಂಭೀರ್ಯದಿಂದಲೇ. ಕತ್ತೆಗೆ ದೂರು ಹೊರಿಸುವಾಗ ಅವರು ಎಷ್ಟು ಗಂಭೀರರೋ, ಅದಕ್ಕೆ ದೈವತ್ವ ಕೊಡುವಾಗಲೂ ಅಷ್ಟೇ ಗಂಭೀರರು. ಕತ್ತೆಯಾದರೋ ಮೊದಲಿಂದ ಕೊನೆಯವರೆಗೂ ಕತ್ತೆಯಾಗಿಯೇ ಇರುತ್ತದೆ. ನಾವು ನಗುತ್ತಿರುವಾಗಲೇ ಒಂದು ಪ್ರಾಣಿಯನ್ನು ಬಡಿದು ಕೊಲ್ಲುವ ತೀರ್ಮಾನ ಆಗಿಹೋಗಿರುತ್ತದೆ, ಮತ್ತು ಆ ತೀರ್ಮಾನದ ತರ್ಕಕ್ಕೂ ಹಿಂದಿನ ನಗುವಿನ ತರ್ಕಕ್ಕೂ ವ್ಯತ್ಯಾಸವಿರುವುದಿಲ್ಲ. ಫ್ರೆಂಚ್ ನಿರ್ದೇಶಕ ರಾಬರ್ಟ್ ಬ್ರೆಸ್ಸಾನ್ 1966ರಲ್ಲಿ ಕತ್ತೆಯೊಂದರ ಬಾಳನ್ನು ಕುರಿತು ತೆಗೆದ ಚಿತ್ರದ ನೆರಳು ಇದರ ಮೇಲಿದೆ ಎಂದು ವಿಮರ್ಶಕರು ಗುರುತಿಸುತ್ತ ಬಂದಿದ್ದಾರೆ. ಅದು ನಿಜವಾದರೂ, ಬ್ರೆಸ್ಸಾನರ ಕತ್ತೆಯ ಸುತ್ತ ಇರುವ ಮೌನ ಜಾನ್ ಅವರ ಕತ್ತೆಯ ಸುತ್ತ ಇಲ್ಲ; ಇಲ್ಲಿರುವುದು ಜಗಲಿಯ ಮಾತು, ಪಂಚಾಂಗ ಮತ್ತು ಊರೊಟ್ಟಿನ ಪಿಸುಮಾತು.

ಕನ್ನಡದ ಸಂಗ್ರಾಹಕರಾದ ನೀವು ಗಮನಿಸಲೇಬೇಕಾದ ಸಂಗತಿಯೊಂದಿದೆ. 1977ರ ಚಿತ್ರಗಳಿಗಾಗಿ ಕೊಟ್ಟ 25ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ತಮಿಳು ಚಿತ್ರವೆಂಬ ಮನ್ನಣೆ ಈ ಚಿತ್ರಕ್ಕೆ ಸಂದಿತು. ಅದೇ ವರ್ಷ ದೇಶದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಪಡೆದದ್ದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ಪುಣೆಯ ಒಂದೇ ಸಂಸ್ಥೆಯಲ್ಲಿ ಕಲಿತ ಇಬ್ಬರು, ಒಂದೇ ವರ್ಷ, ಎರಡು ಭಾಷೆಗಳಲ್ಲಿ, ವೈದಿಕ ಸಮುದಾಯದ ನಡುವೆ ಬಸಿರಾದ ಅಸಹಾಯಕ ಹೆಣ್ಣನ್ನೂ ಆ ಸಮುದಾಯ ತನ್ನ ತಪ್ಪನ್ನು ಹೊರಗೆ ದಬ್ಬುವ ಬಗೆಯನ್ನೂ ಚಿತ್ರಿಸಿದರು. 'ಘಟಶ್ರಾದ್ಧ' ನಗುವುದೇ ಇಲ್ಲ. ಹುಡುಗನೊಬ್ಬನ ಕಣ್ಣಿನಿಂದ ಯಮುನಕ್ಕನ ಪತನವನ್ನು ನೋಡುವ ಅದರ ಸಂಯಮವೇ ಬೇರೆ ಜಾತಿಯದು. ಆ ಚಿತ್ರಕ್ಕೆ ಮುಂದೆ ಒಳ್ಳೆಯ ದಿನ ಬಂತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್ ಆಧರಿಸಿ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಪುನರುಜ್ಜೀವಗೊಳಿಸಿತು, 2024ರ ವೆನಿಸ್ ಚಿತ್ರೋತ್ಸವದಲ್ಲಿ ಹೊಸ ಪ್ರತಿಯ ಪ್ರದರ್ಶನವಾಯಿತು. ಅದರ ಓರಗೆಯ ತಮಿಳು ಚಿತ್ರವನ್ನಾದರೋ ಹೆಚ್ಚಿನ ಆಸಕ್ತರು ಇಂದಿಗೂ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ಹರಿದಾಡುವ ಮಸುಕು ಪ್ರತಿಯಲ್ಲೇ ನೋಡಿದ್ದಾರೆ. ಸಂಗ್ರಾಹಕರ ಹಸಿವು ಹುಟ್ಟುವುದು ಈ ಅಂತರದಲ್ಲಿ. ಚಿತ್ರವೊಂದಕ್ಕೆ ಹೆಸರಿದೆ, ಪ್ರಶಸ್ತಿ ಇದೆ, ಪುಸ್ತಕಗಳಲ್ಲಿ ಉಲ್ಲೇಖ ಇದೆ, ಆದರೆ ಅದನ್ನು ಚೆನ್ನಾಗಿ ನೋಡುವ ದಾರಿ ಇಲ್ಲ ಎಂದಾದಾಗ ಅದಕ್ಕೆ ಸಂಬಂಧಿಸಿದ ತುಂಡು ಕಾಗದಕ್ಕೂ ತೂಕ ಬರುತ್ತದೆ.

ದಾರಿ ಇಲ್ಲದಂತಾದದ್ದು ಕೇವಲ ಕಾಲದ ಸವೆತದಿಂದಲ್ಲ. ಎಂಬತ್ತರ ದಶಕದಲ್ಲಿ ನಮ್ಮಂಥವರು ಅನ್ಯಭಾಷೆಯ ಪ್ರಶಸ್ತಿವಿಜೇತ ಚಿತ್ರಗಳನ್ನು ನೋಡಿದ್ದು ದೂರದರ್ಶನದ ಭಾನುವಾರ ಮಧ್ಯಾಹ್ನದ ಪ್ರಸಾರದಲ್ಲಿ. ಆಗ ವಿಸಿಆರ್ ಇದ್ದವರು ಟೇಪಿಗೆ ಹಿಡಿದಿಟ್ಟುಕೊಂಡದ್ದೇ ಎಷ್ಟೋ ಸಮಾನಾಂತರ, ಅಂದರೆ ವಾಣಿಜ್ಯ ಚೌಕಟ್ಟಿನ ಹೊರಗಿನ ಚಿತ್ರಗಳಿಗೆ ಇಂದು ಉಳಿದಿರುವ ಮನೆಪ್ರತಿ. ಈ ಚಿತ್ರವನ್ನು 1989ರಲ್ಲಿ ಪ್ರಸಾರ ಮಾಡಲು ಯೋಚಿಸಿದ್ದ ದೂರದರ್ಶನ ವಿರೋಧಕ್ಕೆ ಅಂಜಿ ಹಿಂದೆಗೆಯಿತು. ನಿರ್ದೇಶಕರು ತೀರಿಕೊಂಡು ಆಗ ಎರಡು ವರ್ಷ. ಪಟ್ಟು ಹಿಡಿದು ಕೇಳಲು ಅವರಿರಲಿಲ್ಲ. ಉಳಿದ ಚಿತ್ರಗಳು ಸಾವಿರಾರು ಮನೆಗಳಿಗೆ ಏಕಕಾಲಕ್ಕೆ ಹೋದ ಬಾಗಿಲು ಇದಕ್ಕೆ ಹೀಗೆ ಮುಚ್ಚಿತು. ಆದುದರಿಂದ ಎಂಬತ್ತರ ದಶಕದಲ್ಲಿ ಟಿವಿಯಿಂದ ಹಿಡಿದಿಟ್ಟದ್ದೆಂದು ಯಾರಾದರೂ ಈ ಚಿತ್ರದ ಕ್ಯಾಸೆಟ್ ತಂದುಕೊಟ್ಟರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಪ್ರಸಾರದ್ದು ಎಂಬುದು.

ಇನ್ನು ನಿರ್ದೇಶಕರ ವ್ಯಕ್ತಿತ್ವವೇ ಬೇಡಿಕೆಯ ಅರ್ಧಪಾಲು ಎಂದರೆ ತಪ್ಪಾಗದು. 1937ರಲ್ಲಿ ಕೇರಳದ ಕುಟ್ಟನಾಡಿನಲ್ಲಿ ಹುಟ್ಟಿದ ಜಾನ್ ಅಬ್ರಹಾಂ ಸಿನಿಮಾಕ್ಕೆ ಬರುವ ಮೊದಲು ಕೆಲಕಾಲ ನಮ್ಮ ಬಳ್ಳಾರಿಯಲ್ಲಿ ಜೀವವಿಮಾ ನಿಗಮದ ನೌಕರರಾಗಿದ್ದರು. ಕೆಲಸ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅವರ ಶಿಷ್ಯರಾದರು, ಮಣಿ ಕೌಲ್ ಅವರ 1969ರ ಹಿಂದಿ ಚಿತ್ರ 'ಉಸ್ಕಿ ರೋಟಿ'ಗೆ ಸಹಾಯಕರಾಗಿ ದುಡಿದರು. ತೆಗೆದದ್ದು ನಾಲ್ಕೇ ಕಥಾಚಿತ್ರ: 1972ರದು, 1979ರದು, 1986ರದು ಮಲಯಾಳಂ, ನಡುವಿನ ಇದೊಂದು ತಮಿಳು. 1984ರಲ್ಲಿ ಗೆಳೆಯರೊಡನೆ ಒಡೆಸ್ಸಾ ಎಂಬ ಬಳಗ ಕಟ್ಟಿ, ಊರೂರು ತಿರುಗಿ ಚಿತ್ರ ತೋರಿಸಿ ಜನರಿಂದ ಚಂದಾ ಎತ್ತಿ, ಆ ಹಣದಲ್ಲೇ 'ಅಮ್ಮ ಅರಿಯಾನ್' ಮಾಡಿದರು. ಅದನ್ನೂ ಟಿಕೆಟ್ ಮಾರುಕಟ್ಟೆಯ ಹೊರಗೇ ಜನರ ನಡುವೆ ಒಯ್ದು ತೋರಿಸಿದರು. 1987ರ ಮೇ 31ರಂದು ಕೋಳಿಕ್ಕೋಡಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡಾಗ ಐವತ್ತು ತುಂಬಿರಲಿಲ್ಲ. ಅಲೆಮಾರಿತನ, ಕುಡಿತ, ಜಗಳ, ಸ್ನೇಹ ಇವುಗಳ ಸುತ್ತ ಬೆಳೆದ ದಂತಕಥೆಗಳು ಕೇರಳದಲ್ಲಿ ಇಂದಿಗೂ ಜೀವಂತ. ದಂತಕಥೆಯ ಮಟ್ಟಿಗೆ ನನಗೆ ಅಷ್ಟು ಉತ್ಸಾಹವಿಲ್ಲ; ಬಾಟಲಿಯ ಕಥೆ ಹೇಳುವವರಲ್ಲಿ ಚಿತ್ರವನ್ನು ಪೂರ್ತಿ ನೋಡಿದವರು ಕಡಿಮೆ. ಆದರೆ ಸಂಗ್ರಾಹಕರ ದೃಷ್ಟಿಯಿಂದ ನಾಲ್ಕೇ ಚಿತ್ರ ಎಂಬುದು ದೊಡ್ಡ ಆಕರ್ಷಣೆ. ನೂರಾರು ಚಿತ್ರಗಳ ನಿರ್ದೇಶಕರ ಸಾಮಗ್ರಿಯನ್ನು ಪೂರ್ತಿ ಕೂಡಿಸುವ ಆಸೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನಾಲ್ಕು ಚಿತ್ರದ ಕಂತೆಯನ್ನು ಪೂರ್ಣಗೊಳಿಸಬಹುದೆಂಬ ಆಸೆ ಎಂಥವರನ್ನೂ ಕಾಡುತ್ತದೆ, ಆ ಕಂತೆಯಲ್ಲಿ ಭಾಷೆಯೇ ಬೇರೆಯಾದ ಈ ಚಿತ್ರದ ಸರಕು ಕೇರಳದ ಸಂಗ್ರಾಹಕರಿಗೆ ಸುಲಭವಾಗಿ ಸಿಗುವುದಿಲ್ಲ, ತಮಿಳು ಸಂಗ್ರಾಹಕರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ತಾರೆಯರ ಚಿತ್ರಗಳು. ಹೀಗೆ ಎರಡು ಊರಿನ ನಡುವೆ ಬಿದ್ದ ವಸ್ತುವಿಗೆ ದಲ್ಲಾಳಿಗಳು ಮನಸ್ಸಿಗೆ ಬಂದ ಬೆಲೆ ಹೇಳುತ್ತಾರೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಓಡಾಡುತ್ತಿದ್ದಾಗ ಬೇಡವಾಗಿದ್ದ ಪ್ರಾಣಿಯನ್ನು ಸತ್ತ ಮೇಲೆ ಪೂಜಿಸುವ ಊರೊಂದರ ಚಿತ್ರವಿದು. ಚಿತ್ರಮಂದಿರದಲ್ಲಿ, ಟಿವಿಯಲ್ಲಿ ಎಲ್ಲಿಯೂ ಜಾಗ ಕೊಡದ ಚಿತ್ರದ ಅವಶೇಷಕ್ಕೆ ನಾವು ಸಂಗ್ರಾಹಕರು ಇಂದು ಹೂವೇರಿಸುತ್ತಿರುವುದನ್ನು ಕಂಡಿದ್ದರೆ ಜಾನ್ ಜೋರಾಗಿಯೇ ನಗುತ್ತಿದ್ದರೇನೊ. ಅವಶೇಷದ ಪೂಜೆಗೂ ಚಿತ್ರದ ಉಳಿವಿಗೂ ಇರುವ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಸಲಹೆಗಳನ್ನು ಕೊಡುತ್ತಿದ್ದೇನೆ. ಪೋಸ್ಟರ್ ನಿಮ್ಮ ಕಪಾಟಿನಲ್ಲಿದ್ದರೆ ನಷ್ಟವಿಲ್ಲ. ರೀಲು ನಿಮ್ಮ ಕಪಾಟಿನಲ್ಲಿದ್ದರೆ ನಷ್ಟವಾಗುವ ಸಾಧ್ಯತೆ ಬಹಳ.

ಈಗ ಐದು ಡಬ್ಬಿಯ ಲೆಕ್ಕ. 35 ಮಿ.ಮೀ. ಫಿಲ್ಮ್ ಪ್ರೊಜೆಕ್ಟರಿನಲ್ಲಿ ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಒಂದೂವರೆ ಗಂಟೆಯ ಚಿತ್ರವೆಂದರೆ ಸುಮಾರು 8,100 ಅಡಿ. ಸಾವಿರ ಅಡಿಯ ರೀಲುಗಳಾದರೆ ಎಂಟು ಒಂಬತ್ತು ಡಬ್ಬಿ ಬೇಕು. ಎರಡು ಸಾವಿರ ಅಡಿಯ ರೀಲುಗಳಾದರೆ ನಾಲ್ಕೈದು ಡಬ್ಬಿಯಲ್ಲಿ ಮುಗಿಯುತ್ತದೆ. ಹಾಗಾಗಿ ಐದು ಡಬ್ಬಿ ಎಂದಾಕ್ಷಣ ಪೂರ್ತಿ ಚಿತ್ರವೆಂದೂ ಹೇಳಲಾಗದು, ಅಪೂರ್ಣವೆಂದೂ ತಳ್ಳಲಾಗದು. ಡಬ್ಬಿಯ ಅಗಲ ಅಳೆಯಿರಿ. ಸುಮಾರು ಹತ್ತು ಅಂಗುಲದ ಡಬ್ಬಿ ಸಾವಿರ ಅಡಿಯದು, ಹದಿನಾಲ್ಕು ಅಂಗುಲದ ಆಸುಪಾಸಿನದು ಎರಡು ಸಾವಿರದ್ದು. ಅವು 16 ಮಿ.ಮೀ. ರೀಲುಗಳಾಗಿರುವ ಸಾಧ್ಯತೆಯೂ ಉಂಟು. ಆ ಕಾಲದ ಫಿಲ್ಮ್ ಸೊಸೈಟಿಗಳು, ಬೆಂಗಳೂರಿನ ಸುಚಿತ್ರಾ ಒಳಗೊಂಡಂತೆ, ಪ್ರದರ್ಶನಕ್ಕೆ ಸುಲಭವಾದ 16 ಮಿ.ಮೀ. ಪ್ರತಿಗಳನ್ನು ಬಹಳವಾಗಿ ಬಳಸುತ್ತಿದ್ದವು. ಅದು ನಿಮಿಷಕ್ಕೆ 36 ಅಡಿ ಮಾತ್ರ ಓಡುತ್ತದೆ. ಇಡೀ ಚಿತ್ರ 3,300 ಅಡಿಯೊಳಗೆ ಮುಗಿಯುತ್ತದೆ. ಡಬ್ಬಿಯ ಮೇಲೆ ಅಂಟಿಸಿದ ಚೀಟಿಯನ್ನು ನಂಬಲೇಬೇಡಿ. ಡಬ್ಬಿಗಳು ಲ್ಯಾಬಿನಿಂದ ಲ್ಯಾಬಿಗೆ, ಹಂಚಿಕೆದಾರರಿಂದ ಹಂಚಿಕೆದಾರರಿಗೆ ಬದಲಾಗುತ್ತ ಬಂದಿರುತ್ತವೆ. ಒಳಗೆ ಯಾವುದೋ ಡಬ್ಬಿಂಗ್ ಚಿತ್ರದ ಮೂರನೆಯ ರೀಲು ಕುಳಿತಿರುವುದು ಈ ವ್ಯಾಪಾರದಲ್ಲಿ ದಿನನಿತ್ಯದ ಸಂಗತಿ.

ಮುಚ್ಚಳ ತೆಗೆದೊಡನೆ ಕಣ್ಣಿಗಿಂತ ಮೊದಲು ಮೂಗನ್ನು ಬಳಸಿ. ಹುಳಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನಿಂದಾದ ಫಿಲ್ಮ್ ಕೊಳೆಯತೊಡಗಿದೆ ಎಂದು ಅರ್ಥ. ಬಿಸಿ ಮತ್ತು ತೇವ ಸೇರಿದಾಗ ಫಿಲ್ಮಿನ ಅಡಿಪದರದಿಂದ ಅಸಿಟಿಕ್ ಆಮ್ಲ ಹೊರಬರುತ್ತದೆ, ಆ ಆಮ್ಲವೇ ಮುಂದಿನ ಕೊಳೆತಕ್ಕೆ ಪ್ರಚೋದಕವಾಗುತ್ತದೆ. ಚೆನ್ನೈನ ಕಡಲತೀರದ ಗೋದಾಮಿಗಿಂತ ಅದಕ್ಕೆ ಅನುಕೂಲವಾದ ಜಾಗ ಇನ್ನೊಂದಿಲ್ಲ. ಕೊಳೆತ ಆರಂಭವಾದ ಮೇಲೆ ಅದನ್ನು ತಣ್ಣಗಿನ ಒಣ ಜಾಗದಲ್ಲಿಟ್ಟು ನಿಧಾನಗೊಳಿಸಬಹುದೇ ಹೊರತು ಹಿಂದಿರುಗಿಸಲಾಗದು. ಅಂಥ ಡಬ್ಬಿಯನ್ನು ನಿಮ್ಮ ಬೇರೆ ಫಿಲ್ಮುಗಳ ಪಕ್ಕದಲ್ಲಿಡುವುದೂ ಅಪಾಯ, ಆವಿ ಅವುಗಳಿಗೂ ತಗಲುತ್ತದೆ. ವಾಸನೆ ಇಲ್ಲದಿದ್ದರೆ ಹತ್ತಿಯ ಕೈಗವಸು ಹಾಕಿ ಮೊದಲ ಕೆಲವು ಅಡಿಯನ್ನು ಕೈಯಿಂದಲೇ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ದಲ್ಲಾಳಿ ಎಷ್ಟೇ ಒತ್ತಾಯಿಸಿದರೂ ಪ್ರೊಜೆಕ್ಟರಿಗೆ ಹಾಕಬೇಡಿ. ಹಳೆಯ ಫಿಲ್ಮ್ ನೂರಕ್ಕೆ ಒಂದರಷ್ಟು ಕುಗ್ಗಿದ್ದರೂ ಅಂಚಿನ ತೂತುಗಳು ಯಂತ್ರದ ಹಲ್ಲಿಗೆ ಸರಿಹೊಂದದೆ ಹರಿದುಹೋಗುತ್ತವೆ, ಹರಿದದ್ದು ನಿಮ್ಮ ತಲೆಗೆ ಬರುತ್ತದೆ.

ಕಪ್ಪು ಬಿಳುಪು ಎಂಬುದು ಇಲ್ಲಿ ನಿಮ್ಮ ಪಾಲಿನ ಅನುಕೂಲ. ಅದೇ ದಶಕದ ವರ್ಣಚಿತ್ರಗಳ ಪ್ರತಿಗಳಲ್ಲಿ ನೀಲಿ, ಹಸಿರು ಮಾಸಿಹೋಗಿ ಇಡೀ ಚಿತ್ರ ಗುಲಾಬಿಗೆ ತಿರುಗಿರುತ್ತದೆ. ಬೆಳ್ಳಿಯ ಕಣಗಳಿಂದಾದ ಕಪ್ಪು ಬಿಳುಪು ಬಿಂಬ ಹಾಗೆ ಮಾಸುವುದಿಲ್ಲ. ಅನನುಕೂಲವೂ ಅದೇ ಬೆಳ್ಳಿಯಲ್ಲಿದೆ. ಓಡಾಟ ಮುಗಿದ ಕಪ್ಪು ಬಿಳುಪು ಪ್ರತಿಗಳನ್ನು ಬೆಳ್ಳಿ ತೆಗೆಯುವವರಿಗೆ ತೂಕದ ಲೆಕ್ಕದಲ್ಲಿ ಮಾರುವುದು ನಮ್ಮಲ್ಲಿ ಬಹುಕಾಲ ನಡೆದ ವಹಿವಾಟು, ಎಷ್ಟೋ ಚಿತ್ರಗಳು ಹಾಗೆಯೇ ಕರಗಿಹೋದವು. ಫಿಲ್ಮಿನ ಅಂಚಿನ ಅಕ್ಷರಗಳನ್ನು ಭೂತಗನ್ನಡಿಯಿಂದ ಓದಿ. ಪೂರ್ವ ಜರ್ಮನಿಯ ಓರ್ವೋ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಈ ಹೆಸರುಗಳು ಎಪ್ಪತ್ತರ ದಶಕದ ಭಾರತೀಯ ಕಪ್ಪು ಬಿಳುಪು ಚಿತ್ರಕ್ಕೆ ಹೊಂದುವಂಥವು. ಕೊಡ್ಯಾಕ್ ಆಗಿದ್ದರೆ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳ ಗುರುತಿನಲ್ಲಿ ತಯಾರಿಕೆಯ ವರ್ಷ ಅಡಗಿರುತ್ತದೆ. ಆದರೆ ಆ ಗುರುತುಗಳು ಆ ಕಾಲದಲ್ಲಿ ಇಪ್ಪತ್ತು ವರ್ಷಕ್ಕೊಮ್ಮೆ ಮರುಕಳಿಸುತ್ತಿದ್ದುದರಿಂದ 1957ರದನ್ನು 1977ರದೆಂದು ಓದುವ ಅವಸರ ಮಾಡಬಾರದು. ಬಿಂಬದಲ್ಲಿ ಕಾಣುವ ಗೀರುಗಳನ್ನೂ ಗಮನಿಸಿ. ಫಿಲ್ಮನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಮೇಲ್ಮೈಯಲ್ಲಿ ಕಾಣುವ ಗೀರು ಈ ಪ್ರತಿಯದೇ ಗಾಯ. ಮೇಲ್ಮೈ ನುಣುಪಾಗಿದ್ದು ಬಿಂಬದೊಳಗೆ ಮಾತ್ರ ಗೀರು ಕಂಡರೆ ಅದು ನೆಗೆಟಿವಿನಿಂದಲೋ ಹಿಂದಿನ ಪ್ರತಿಯಿಂದಲೋ ಅಚ್ಚಾಗಿ ಬಂದದ್ದು, ಅಂದರೆ ನಿಮ್ಮ ಕೈಯಲ್ಲಿರುವುದು ನಕಲಿನ ನಕಲಾಗಿರಬಹುದು.

ಪೋಸ್ಟರಿನ ವಿಚಾರ ನಿಮಗೆ ಹೊಸದಲ್ಲ, ಆದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ದಕ್ಷಿಣದ ಆ ಕಾಲದ ಪೋಸ್ಟರುಗಳು ಗೋಡೆಗೆ ಅಂಟಿಸಲೆಂದೇ ತೆಳು ಕಾಗದದ ಮೇಲೆ ಅಚ್ಚಾದವು. ದಪ್ಪ, ಬೆಳ್ಳಗಿನ, ಹೊಳಪು ಕಾಗದ ಕಂಡರೆ ಮರುಮುದ್ರಣವೆಂದೇ ತಿಳಿಯಿರಿ. ಮುದ್ರಕರ ಹೆಸರು ಮತ್ತು ಊರನ್ನು ಅಚ್ಚಿಸಬೇಕೆಂಬ ನಿಯಮ 1867ರ ಕಾಯಿದೆಯಿಂದಲೇ ಇತ್ತು. ಕೆಳ ಅಂಚಿನಲ್ಲಿ ಆ ಸಣ್ಣ ಸಾಲು ಇದೆಯೇ, ಅಥವಾ ಅಂಚನ್ನೇ ಯಾರಾದರೂ ಕತ್ತರಿಸಿದ್ದಾರೆಯೇ ನೋಡಿ. ಭೂತಗನ್ನಡಿಯ ಕೆಳಗೆ ಹಳೆಯ ಆಫ್‌ಸೆಟ್ಟಿನ ಚುಕ್ಕೆಗಳು ಸಾಲಾಗಿ ಕ್ರಮಬದ್ಧವಾಗಿರುತ್ತವೆ, ಇಂಕ್‌ಜೆಟ್ ಪ್ರತಿಯಲ್ಲಿ ಅವು ಚೆಲ್ಲಾಪಿಲ್ಲಿ. ಮಡಿಕೆಯ ಗೆರೆಯಲ್ಲಿ ಶಾಯಿ ಸವೆದಿರಬೇಕು. ಮಡಿಕೆಯ ಚಿತ್ರವೇ ಅಚ್ಚಾಗಿದ್ದು ಕಾಗದ ನಯವಾಗಿದ್ದರೆ ಮಾತು ಮುಗಿಯಿತು. ಇಂಥ ಚಿತ್ರಕ್ಕೆ ಊರ ತುಂಬ ಅಂಟಿಸುವಷ್ಟು ಪೋಸ್ಟರ್ ಯಾರೂ ಅಚ್ಚು ಹಾಕಿಸುವುದಿಲ್ಲ ಎಂಬುದನ್ನೂ ನೆನಪಿಡಿ. ತಾರಾಚಿತ್ರಗಳ ಪೋಸ್ಟರ್ ನಕಲು ಮಾಡಿದರೆ ಹತ್ತು ಜನ ಕೊಳ್ಳುತ್ತಾರೆ. ಇದನ್ನು ನಕಲು ಮಾಡಿದರೆ ನಿಮ್ಮಂಥ ಒಬ್ಬಿಬ್ಬರು ಮಾತ್ರ ಕೊಳ್ಳುತ್ತಾರೆ, ಆದರೆ ಆ ಒಬ್ಬಿಬ್ಬರು ಹೆಚ್ಚು ಕೊಡುತ್ತಾರೆ.

ಹಕ್ಕಿನ ಪ್ರಶ್ನೆಯನ್ನು ನೀವು ಕೇಳಲಿಲ್ಲ, ಕೇಳಬೇಕಿತ್ತು. ಫಿಲ್ಮಿನ ಡಬ್ಬಿ ಕೊಂಡರೆ ಚಿತ್ರದ ಹಕ್ಕು ಬರುವುದಿಲ್ಲ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಕೃತಿಸ್ವಾಮ್ಯ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1977ರಿಂದ ಎಣಿಸಿದರೂ ಅದು 2037ರ ಕೊನೆಯವರೆಗೆ ಇರುತ್ತದೆ. ಅಲ್ಲಿಯ ತನಕ ಅದನ್ನು ಸ್ಕ್ಯಾನ್ ಮಾಡಿ ಹಂಚುವುದಾಗಲಿ, ಹಕ್ಕುದಾರರ ಅನುಮತಿಯಿಲ್ಲದೆ ಸಭೆ ಕರೆದು ತೋರಿಸುವುದಾಗಲಿ ಆಗದು. ದಲ್ಲಾಳಿಯ ಬಳಿ ಇರುವ ಪ್ರತಿ ಯಾವ ಮೂಲದಿಂದ ಬಂದದ್ದು, ಯಾವುದಾದರೂ ಸಂಸ್ಥೆಯ ಮುದ್ರೆ ಡಬ್ಬಿಯ ಒಳಮೈಯಲ್ಲೋ ಫಿಲ್ಮಿನ ಆರಂಭದ ಖಾಲಿ ಪಟ್ಟಿಯಲ್ಲೋ ಇದೆಯೇ ಎಂಬುದನ್ನು ನೋಡದೆ ಹಣ ಕೊಟ್ಟರೆ, ಸಾರ್ವಜನಿಕ ಸ್ವತ್ತನ್ನು ಕೊಂಡ ಆಪಾದನೆಗೂ ಗುರಿಯಾಗಬಹುದು. ಸಂಸ್ಥೆಯ ಮುದ್ರೆ ಕಂಡುಬಂದರೆ ವ್ಯಾಪಾರವನ್ನು ಅಲ್ಲಿಗೇ ನಿಲ್ಲಿಸಿ.

ಮುದ್ರೆಯೂ ಇಲ್ಲ, ಹುಳಿ ವಾಸನೆಯೂ ಇಲ್ಲ, ಬಿಂಬದಲ್ಲಿ ಕತ್ತೆಯೂ ಉಮಾಳೂ ನಿಜವಾಗಿ ಕಾಣಿಸುತ್ತಾರೆ ಎಂದಾದರೆ ಆಗ ನೀವು ಸಂಗ್ರಾಹಕರಾಗಿ ಅಲ್ಲ, ಮಧ್ಯವರ್ತಿಯಾಗಿ ನಡೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಒಳ್ಳೆಯ ಸ್ಥಿತಿಯ ಒಂದು ಪ್ರತಿ ಎಂದರೆ ಪುನರುಜ್ಜೀವನಕ್ಕೆ ಆಧಾರವಾಗಬಲ್ಲ ವಸ್ತು. ನೆಗೆಟಿವ್ ಒಂದು ಕಡೆ ಹಾಳಾಗಿದ್ದರೆ ಆ ಭಾಗವನ್ನು ಇಂಥ ಪ್ರತಿಯಿಂದ ತುಂಬಿಸುವುದು ಈ ಕೆಲಸದಲ್ಲಿ ಸಾಮಾನ್ಯ. ಪುಣೆಯ ಸಂಗ್ರಹಾಲಯಕ್ಕೂ ಮುಂಬೈಯ ಫೌಂಡೇಶನ್‌ಗೂ ಡಬ್ಬಿಗಳ ಸಂಖ್ಯೆ, ಅಳತೆ, ಅಂಚಿನ ಅಕ್ಷರಗಳು ಮತ್ತು ಕೆಲವು ಚೌಕಟ್ಟುಗಳ ಫೋಟೋ ಕಳಿಸಿ ಕೇಳಿ. ಅವರು ಬೇಡವೆಂದರೆ ಮಾತ್ರ ನಿಮ್ಮ ಮನೆಗೆ ತರುವ ಯೋಚನೆ ಮಾಡಿ. ನೀವಿರುವ ಮೈಸೂರಿನ ಹವೆ ಚೆನ್ನೈಗಿಂತ ಮೇಲು ನಿಜ, ಆದರೂ ಮನೆಯ ಕಪಾಟು ಫಿಲ್ಮ್ ಕಾಪಾಡುವ ಜಾಗವಲ್ಲ.

ನಿಮ್ಮ ಸಂಗ್ರಹಕ್ಕೆ ನಿಜವಾಗಿ ಒಪ್ಪುವ ವಸ್ತುಗಳು ಬೇರೆಯೇ ಇವೆ, ಅವು ಅಗ್ಗವೂ ಹೌದು. ವೆಂಕಟ್ ಸ್ವಾಮಿನಾಥನ್ ಅವರ ಚಿತ್ರಕಥೆ ತಮಿಳಿನಲ್ಲಿ ಪುಸ್ತಕವಾಗಿ ಬಂದಿದೆ. ಚೆನ್ನೈನ ಹಳೆಯ ಪುಸ್ತಕದಂಗಡಿಗಳಲ್ಲಿ ಅದನ್ನು ಹುಡುಕಿಸಿ. ಪತ್ರಿಕೆಗಳಿಗೆ ಕಳಿಸಿದ ಸ್ಟಿಲ್‌ಗಳು, ಹಿಂಬದಿಯಲ್ಲಿ ಪತ್ರಿಕೆಯ ಮುದ್ರೆ ಇರುವಂಥವು, ಮುಚ್ಚಿಹೋದ ಪತ್ರಿಕೆಗಳ ಕಡತಗಳಿಂದ ಆಗಾಗ ಹೊರಬೀಳುತ್ತವೆ. ಅವುಗಳ ಪೈಕಿ ಛಾಯಾಗ್ರಹಣದ ಕಾಗದದ ಮೇಲೆ ಅಚ್ಚಾದ ಮೂಲಪ್ರತಿಗೆ ಪೋಸ್ಟರಿಗಿಂತ ಹೆಚ್ಚು ಬೆಲೆ ಕೊಡಲು ನಾನು ಹಿಂಜರಿಯಲಾರೆ, ಏಕೆಂದರೆ ಚಿತ್ರದ ಬೆಳಕು ನಿಜವಾಗಿ ಹೇಗಿತ್ತೆಂಬುದನ್ನು ಮಸುಕು ವಿಡಿಯೋ ಹೇಳುವುದಿಲ್ಲ, ಆ ಸ್ಟಿಲ್ ಹೇಳುತ್ತದೆ. ಎಲ್ಲಕ್ಕಿಂತ ಮೊದಲು ಹುಡುಕಬೇಕಾದದ್ದು ಚಲನಚಿತ್ರೋತ್ಸವ ನಿರ್ದೇಶನಾಲಯ ಹೊರತಂದ 25ನೆಯ ರಾಷ್ಟ್ರೀಯ ಪ್ರಶಸ್ತಿಗಳ ಕಿರುಹೊತ್ತಗೆ. 'ಘಟಶ್ರಾದ್ಧ'ಕ್ಕೂ 'ಅಗ್ರಹಾರತ್ತಿಲ್ ಕಳುದೈ'ಗೂ ಅದೇ ವರ್ಷದ ಮನ್ನಣೆ ಸಂದದ್ದರಿಂದ ಕನ್ನಡದ ಸಂಗ್ರಾಹಕರು ಅದಕ್ಕಾಗಿ ಮೊದಲೇ ಕಣ್ಣಿಟ್ಟಿರುತ್ತಾರೆ. ಸಿಕ್ಕಿದರೆ ಚೌಕಾಸಿಗೆ ಹೆಚ್ಚು ಸಮಯ ಕಳೆಯಬೇಡಿ.

ದಲ್ಲಾಳಿ ಡಬ್ಬಿ ಮತ್ತು ಪೋಸ್ಟರ್ ಎರಡನ್ನೂ ಸೇರಿಸಿಯೇ ಮಾರುತ್ತೇನೆಂದು ಹಟ ಹಿಡಿದರೆ ಎರಡಕ್ಕೂ ಬೇರೆ ಬೇರೆ ರಸೀತಿ ಕೇಳಿ. ನಿಜವಾದ ಸರಕು ಇಟ್ಟುಕೊಂಡವರು ರಸೀತಿ ಕೊಡಲು ಹಿಂದೆಗೆಯುವುದಿಲ್ಲ.